ಶಾಸನಗಲ್ಲಿನ ಬೆನ್ನು: ಕಲ್ಲು ಸೀಳಿದವರ ಚರಿತ್ರೆಯ ಕೆಲವು ಪ್ರಶ್ನೆಗಳು

1

ಕರ್ನಾಟಕದ ಚರಿತ್ರೆ ಬಹುಪಾಲು ಕಲ್ಲಿನ ಮೇಲಿಂದ ಎತ್ತಿ ಬರೆದ ಚರಿತ್ರೆ. ಬಿ.ಎಲ್. ರೈಸ್ 1886ರಿಂದ ಹೊರತಂದ ‘ಎಪಿಗ್ರಾಫಿಯಾ ಕರ್ನಾಟಿಕ’ದ ಸಂಪುಟಗಳು ಇಲ್ಲದೇ ಹೋಗಿದ್ದರೆ ಗಂಗರು, ಹೊಯ್ಸಳರು, ವಿಜಯನಗರದ ಅರಸರು ನಮ್ಮ ಪಠ್ಯಪುಸ್ತಕಗಳಲ್ಲಿ ಈಗಿನಷ್ಟು ಗಟ್ಟಿಯಾಗಿ ನಿಲ್ಲುತ್ತಿರಲಿಲ್ಲ. ದಾನ ಕೊಟ್ಟವರು ಯಾರು, ಪಡೆದವರು ಯಾರು, ಭೂಮಿಯ ಎಲ್ಲೆ ಯಾವುದು, ಆ ದಾನ ಕೆಡಿಸಿದವನಿಗೆ ತಗಲುವ ಪಾಪ ಎಂಥದು ಎಂಬುದೆಲ್ಲ ಕಲ್ಲಿನ ಮುಖದ ಮೇಲಿದೆ. ಎಷ್ಟೋ ಶಾಸನಗಳ ಕೊನೆಯಲ್ಲಿ ಬರೆದವನ, ಕಂಡರಿಸಿದವನ ಹೆಸರೂ ಇರುತ್ತದೆ. ಬೇಲೂರಿನ ವಿಗ್ರಹಗಳ ಕೆಳಗೆ ಬಳ್ಳಿಗಾವೆಯ ದಾಸೋಜನ ಹೆಸರಿದೆ, ಅವನ ಮಗ ಚಾವಣನ ಹೆಸರಿದೆ. ಸೋಮನಾಥಪುರದಲ್ಲಿ ಮಲ್ಲಿತಮ್ಮನೆಂಬ ರೂವಾರಿ ತನ್ನ ಹೆಸರನ್ನು ಮತ್ತೆ ಮತ್ತೆ ಕೆತ್ತಿಕೊಂಡಿದ್ದಾನೆ. ಬೇರೆ ಕಡೆ ಶಿಲ್ಪಿ ಅನಾಮಧೇಯ, ನಮ್ಮಲ್ಲಿ ಹಾಗಲ್ಲ ಎಂದು ಕಲಾಚರಿತ್ರೆಕಾರರು ಹೆಮ್ಮೆ ಪಡುತ್ತಾರೆ. ಪಡಲಿ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳು ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದಾಗ ಈ ಹೆಮ್ಮೆ ಇನ್ನಷ್ಟು ಹೆಚ್ಚಿತು.

ಆದರೆ ದಾಸೋಜನ ಉಳಿ ತಾಗುವ ಮೊದಲು ಆ ಕಲ್ಲು ಎಲ್ಲೋ ಒಂದು ಕಡೆ ನೆಲದ ಭಾಗವಾಗಿತ್ತಲ್ಲ? ಅದನ್ನು ಅಲ್ಲಿಂದ ಬಿಡಿಸಿದ್ದು ಯಾರ ಕೈ? ಹೊತ್ತದ್ದು ಯಾರ ಹೆಗಲು? ಊರ ಮುಂದೆ ನಿಂತಿರುವ ಯಾವುದಾದರೂ ಶಾಸನಗಲ್ಲಿನ ಹಿಂದಕ್ಕೆ ಹೋಗಿ ನೋಡಿ. ಮುಂಭಾಗ ನುಣುಪು, ಬೆನ್ನು ಒರಟು. ಕೆಲವು ಕಲ್ಲುಗಳ ಅಂಚಿನಲ್ಲಿ ಸಾಲಾಗಿ ಬೆಣೆ ಕೂರಿಸಿದ ತೂತುಗಳ ಅರ್ಧ ಗುರುತು ಕಾಣುತ್ತದೆ. ಹಂಪಿಯ ಬಂಡೆಗಳ ಮೇಲಂತೂ ಹಾಕಿದ ತೂತಿನ ಸಾಲುಗಳು ಸೀಳದೇ ಹಾಗೇ ಉಳಿದಿವೆ. ಅದೂ ಒಂದು ಬರವಣಿಗೆಯೇ. ಅದನ್ನು ಓದುವ ಶಾಸನಶಾಸ್ತ್ರವನ್ನು ನಾವು ಕಟ್ಟಿಕೊಂಡಿಲ್ಲ, ಅಷ್ಟೆ.

ಈ ಟಿಪ್ಪಣಿಯ ಉದ್ದೇಶ ಕಲ್ಲು ಒಡೆಯುವವರ ಬಗ್ಗೆ ಮರುಕ ಹುಟ್ಟಿಸುವುದಲ್ಲ. ಮರುಕದ ಸಾಹಿತ್ಯ ನಮ್ಮಲ್ಲಿ ಸಾಕಷ್ಟಿದೆ. ದಲಿತ ವಿಮರ್ಶೆ ಎಂದರೆ ಕೃತಿಯೊಳಗೆ ದಲಿತ ಪಾತ್ರ ಹೇಗೆ ಬಂದಿದೆ ಎಂದು ಕೇಳುವುದಷ್ಟೇ ಅಲ್ಲ, ಕೃತಿ ನಿಂತಿರುವ ನೆಲವನ್ನು ಅಗೆದವರು ಯಾರೆಂದು ಕೇಳುವುದೂ ಹೌದು ಎಂಬುದು ನನ್ನ ಗ್ರಹಿಕೆ. ಹಳೆಯ ಕೋಲಾರ ಜಿಲ್ಲೆಯ ಬಂಡೆ ಸೀಮೆಯಲ್ಲಿ ಹುಟ್ಟಿ, ಚರಿತ್ರೆಯನ್ನು ಓದಿ, ಈಗ ಅದನ್ನೇ ಪಾಠ ಹೇಳುತ್ತಿರುವ ನನಗೆ ಈ ಪ್ರಶ್ನೆ ಪುಸ್ತಕದಿಂದ ಬಂದದ್ದಲ್ಲ.

2

ಮೊದಲು ಕೆಲಸದ ಮಾತು. ಕಲ್ಲು ಒಡೆಯುವುದನ್ನು ನಾವು ‘ಕೂಲಿ’ ಎಂದು ಕರೆದು ಮುಗಿಸುತ್ತೇವೆ. ಕೆತ್ತುವುದು ಕಲೆ, ಒಡೆಯುವುದು ಕೂಲಿ. ಒಂದಕ್ಕೆ ಬುದ್ಧಿ ಬೇಕು, ಇನ್ನೊಂದಕ್ಕೆ ಮೈ ಸಾಕು. ಈ ವಿಂಗಡಣೆಯ ಹಿಂದೆ ಯಾವ ವ್ಯವಸ್ಥೆ ಕೂತಿದೆ ಎಂದು ಬಿಡಿಸಿ ಹೇಳಬೇಕಿಲ್ಲ.

ಬೆಂಗಳೂರು, ಕೋಲಾರದ ಕಡೆ ಚಪ್ಪಡಿ ಎಬ್ಬಿಸುತ್ತಿದ್ದ ಹಳೆಯ ಕ್ರಮವನ್ನು ನೋಡಿ. ಹಾಸುಬಂಡೆಯ ಮೇಲೆ ಒಣ ಸೌದೆಯನ್ನು ಸಾಲಾಗಿ ಜೋಡಿಸಿ ಬೆಂಕಿ ಹಾಕುತ್ತಿದ್ದರು. ಕಾದ ಮೇಲ್ಪದರ ಹಿಗ್ಗಿ ಕೆಳಗಿನ ತಣ್ಣನೆಯ ಬಂಡೆಯಿಂದ ಬಿಡುತ್ತಾ ಬರುತ್ತದೆ. ಬಿಟ್ಟಿದೆಯೋ ಇಲ್ಲವೋ ಎಂಬುದು ಕಣ್ಣಿಗೆ ಕಾಣುವುದಿಲ್ಲ. ಸುತ್ತಿಗೆಯಿಂದ ತಟ್ಟಿ ಕಿವಿಗೊಟ್ಟು ಕೇಳಬೇಕು. ಬಿಡದ ಕಲ್ಲಿನದು ಗಟ್ಟಿ ಸದ್ದು, ಬಿಟ್ಟ ಕಲ್ಲಿನದು ಟೊಳ್ಳು ಸದ್ದು. ಬಿಟ್ಟಿದ್ದು ಖಾತ್ರಿಯಾದ ಮೇಲೆ ಬೆಂಕಿಯನ್ನು ಸ್ವಲ್ಪ ಮುಂದಕ್ಕೆ ಸರಿಸಬೇಕು. ಸೌದೆ ಹೆಚ್ಚಾದರೆ ಚಪ್ಪಡಿ ಸಿಡಿದು ಚೂರಾಗುತ್ತದೆ, ಕಡಿಮೆಯಾದರೆ ಏಳುವುದೇ ಇಲ್ಲ. ಹೀಗೆ ಕೆಲವೇ ಅಂಗುಲ ದಪ್ಪದ, ಒಂದು ಮನೆಯ ಅಂಗಳದಷ್ಟು ಅಗಲದ ಹಾಳೆಯನ್ನು ಬಂಡೆಯಿಂದ ಎಬ್ಬಿಸುತ್ತಿದ್ದರು. ಆಮೇಲೆ ಬೆಣೆ ಸಾಲು ಹಾಕಿ ಬೇಕಾದ ಅಳತೆಗೆ ಸೀಳಿಕೊಳ್ಳುವುದು. 1895ರಲ್ಲಿ ಎಚ್. ವಾರ್ತ್ ಎಂಬಾತ ಈ ಕ್ರಮವನ್ನು ವಿವರಿಸಿ ಇಂಗ್ಲೆಂಡಿನ ‘ನೇಚರ್’ ಪತ್ರಿಕೆಯಲ್ಲಿ ಬರೆದ. ವಿಜ್ಞಾನದ ಪತ್ರಿಕೆಗೆ ಹೋಗುವಷ್ಟು ಯೋಗ್ಯವಾದ ತಿಳಿವಳಿಕೆ ಅದು. ಬರೆದವನ ಹೆಸರು ಉಳಿಯಿತು. ಕಿವಿಗೊಟ್ಟವರ ಹೆಸರು ಉಳಿಯಲಿಲ್ಲ.

ಈ ಕಿವಿಯ ಜ್ಞಾನವನ್ನು ಇಟ್ಟುಕೊಂಡು ಜಕಣಾಚಾರಿಯ ಕಥೆಯನ್ನು ಮತ್ತೊಮ್ಮೆ ಓದಬೇಕು. ಬೇಲೂರಿನ ವಿಗ್ರಹಕ್ಕೆ ಆರಿಸಿದ ಕಲ್ಲು ದೋಷದ್ದು ಎಂದು ಡಂಕಣನೆಂಬ ಹುಡುಗ ಹೇಳಿದ, ಹೊಟ್ಟೆಯ ಭಾಗದಲ್ಲಿ ನೀರೂ ಕಪ್ಪೆಯೂ ಸಿಕ್ಕಿತು, ತಂದೆ ಮಗನಿಗೆ ಸೋತ. ಜಕಣಾಚಾರಿ ಇದ್ದನೆಂಬುದಕ್ಕೆ ಶಾಸನದ ಆಧಾರವಿಲ್ಲ. ಆದರೂ ನಾಡು ಅವನ ಹೆಸರಿನಲ್ಲಿ ಶಿಲ್ಪಿಗಳಿಗೆ ಪ್ರಶಸ್ತಿ ಕೊಡುತ್ತದೆ. ಕಥೆ ಸುಳ್ಳೋ ನಿಜವೋ ಎಂಬ ಚರ್ಚೆ ನನಗೆ ಮುಖ್ಯವಲ್ಲ. ಕಲ್ಲಿನ ಒಳಗೆ ಟೊಳ್ಳಿದೆ ಎಂಬುದನ್ನು ಹೊರಗಿನಿಂದ ತಿಳಿಯುವ ವಿದ್ಯೆ ಯಾರದು? ದಿನಬೆಳಗಾದರೆ ಬಂಡೆ ತಟ್ಟಿ ಸದ್ದು ಕೇಳುವವರದು. ಡಂಕಣನ ಗೆಲುವಿನೊಳಗೆ ಬಂಡೆಯ ಕೆಲಸದವರ ವಿದ್ಯೆ ಇದೆ. ಕಥೆ ಅದನ್ನು ಶಿಲ್ಪಿಯ ಕುಲಕ್ಕೆ ಬರೆದುಕೊಟ್ಟಿದೆ.

ಕಲ್ಲಿನ ಸದ್ದಿಗೆ ಕಿವಿಗೊಡುವುದು ಈ ನೆಲದಲ್ಲಿ ಬಹಳ ಹಳೆಯದು. ಬಳ್ಳಾರಿಯ ಹತ್ತಿರದ ಸಂಗನಕಲ್ಲು, ಕಪ್ಪಗಲ್ಲು ಬೆಟ್ಟಗಳಲ್ಲಿ ನವಶಿಲಾಯುಗದ ಜನ ಕರಿಕಲ್ಲನ್ನು ಒಡೆದು ರಾಶಿಗಟ್ಟಲೆ ಕೊಡಲಿಗಳನ್ನು ಮಾಡುತ್ತಿದ್ದರು. ಅಲ್ಲಿಯೇ, ತಟ್ಟಿದರೆ ಗಂಟೆಯಂತೆ ನಾದ ಕೊಡುವ ಬಂಡೆಗಳಿವೆ. ತಟ್ಟಿ ತಟ್ಟಿ ಗುಳಿ ಬಿದ್ದಿವೆ. ನಮ್ಮ ನಾಡಿನ ಮೊದಲ ಕೈಗಾರಿಕೆಗಳಲ್ಲಿ ಒಂದು ಕಲ್ಲುಗಣಿ ಎಂದರೆ ತಪ್ಪಾಗದು. ಆ ಬೆಟ್ಟಗಳನ್ನೇ ನಮ್ಮ ಕಾಲದ ಜಲ್ಲಿ ಗಣಿಗಾರಿಕೆ ಕರಗಿಸತೊಡಗಿದ್ದು ಬೇರೆ ಮಾತು.

3

ಇನ್ನು ದಿನದ ಬದುಕಿಗೆ ಬರೋಣ. ನಮ್ಮ ಕಡೆಯ ಹಳ್ಳಿಯೊಂದನ್ನು ಕಣ್ಣಮುಂದೆ ತಂದುಕೊಳ್ಳಿ. ರಾಗಿ ಬೀಸುವ ಕಲ್ಲು, ಕಾರ ಅರೆಯುವ ಗುಂಡುಕಲ್ಲು, ಕುಟ್ಟುವ ಒರಳು, ಬಟ್ಟೆ ಒಗೆಯುವ ಕಲ್ಲು, ದನ ನೀರು ಕುಡಿಯುವ ಬಾನಿ, ಕಣದ ರೋಣಗಲ್ಲು, ಹೊಲದ ಎಲ್ಲೆಗಲ್ಲು, ದಾರಿಹೋಕರು ತಲೆಹೊರೆ ಇಳಿಸುವ ಹೊರೆಗಲ್ಲು, ಹೊಸ್ತಿಲು, ಜಗಲಿ, ಮಾಳಿಗೆಯ ಚಪ್ಪಡಿ, ತೋಟದ ಬೇಲಿಗೆ ಕಲ್ಲುಕೂಚ, ಸತ್ತವರ ಮೇಲೆ ಹಾಸುಗಲ್ಲು. ಹುಟ್ಟಿದಾಗಿನಿಂದ ಮಣ್ಣಿಗೆ ಹೋಗುವ ತನಕ ಕಲ್ಲೇ ಕಲ್ಲು. ವರ್ಷಕ್ಕೊಮ್ಮೆಯೋ ಎರಡು ಸಲವೋ ಒಡ್ಡರ ಹೆಂಗಸರು ಬೀದಿಯಲ್ಲಿ ಕೂಗುತ್ತಾ ಬಂದು, ಸವೆದು ನುಣುಪಾದ ಬೀಸುವ ಕಲ್ಲಿಗೆ ಉಳಿಯಿಂದ ಮತ್ತೆ ತರಿ ಎಬ್ಬಿಸಿಕೊಟ್ಟು, ಒಂದು ಸೇರೋ ಅರ್ಧ ಸೇರೋ ರಾಗಿ ಈಸಿಕೊಂಡು ಹೋಗುತ್ತಿದ್ದರು. ಊರಿನ ಮುದ್ದೆ ಆ ಉಳಿಯ ಮೊನೆಯಲ್ಲಿತ್ತು.

ಹೀಗಿದ್ದೂ ಒಡ್ಡರು ಊರಿನ ಲೆಕ್ಕದೊಳಗೆ ಇರಲಿಲ್ಲ. ಹಳೆ ಮೈಸೂರಿನ ಹಳ್ಳಿಯಲ್ಲಿ ಹನ್ನೆರಡು ಆಯಗಾರರ ವ್ಯವಸ್ಥೆ ಇತ್ತಲ್ಲ, ಗೌಡ, ಶಾನುಭೋಗ, ಕಮ್ಮಾರ, ಬಡಗಿ, ಅಗಸ, ತೋಟಿ, ತಳವಾರ, ನೀರುಗಂಟಿ ಹೀಗೆ, ಆ ಪಟ್ಟಿಯಲ್ಲಿ ಕಲ್ಲು ಒಡೆಯುವವರಿಗೆ ಜಾಗವಿಲ್ಲ. ಸುಗ್ಗಿಯ ಕಣದಲ್ಲಿ ಅವರ ಪಾಲಿನ ಆಯ ಇಲ್ಲ. ಅಸ್ಪೃಶ್ಯನನ್ನು ಈ ವ್ಯವಸ್ಥೆ ಕೇರಿಯಲ್ಲಿ ಕಟ್ಟಿಹಾಕಿ ಬಿಟ್ಟಿ ದುಡಿಸಿತು; ಕಲ್ಲು ಒಡ್ಡನನ್ನು, ಮಣ್ಣು ಒಡ್ಡನನ್ನು ಎಲ್ಲೂ ನೆಲೆ ನಿಲ್ಲಗೊಡದೆ ಅಲೆಸಿ ದುಡಿಸಿತು. ಒಂದು ಕೆರೆಯನ್ನು ತೆಗೆದುಕೊಳ್ಳಿ. ಕಟ್ಟಿಸಿದವನಿಗೆ ಪುಣ್ಯ ಮತ್ತು ಶಾಸನ, ಅಚ್ಚುಕಟ್ಟಿನ ರೈತನಿಗೆ ಗದ್ದೆ, ನೀರು ಬಿಡುವವನಿಗೆ ಆಯ. ಮಣ್ಣು ಹೊತ್ತು ಏರಿ ಕಟ್ಟಿ ಕಲ್ಲು ಕೂರಿಸಿದವರಿಗೆ ಮುಂದಿನ ಊರಿನ ದಾರಿ. ಭೋವಿ ಸಮುದಾಯ ಸೊನ್ನಲಿಗೆಯ ಸಿದ್ಧರಾಮನನ್ನು ಕುಲಗುರುವೆಂದು ನೆನೆಯುವುದು ಸುಮ್ಮನೆ ಅಲ್ಲ. ಹನ್ನೆರಡನೆಯ ಶತಮಾನದ ಶರಣರಲ್ಲಿ ಕೆರೆ ತೋಡಿಸಿದ ಕಾಯಕಕ್ಕೆ ಹೆಸರಾದವನು ಅವನು. ಶಾಸನ ಕೊಡದ ಜಾಗವನ್ನು ಆ ಜನ ನೆನಪಿನಲ್ಲಿ ಕಟ್ಟಿಕೊಂಡಿದ್ದಾರೆ.

ಬಾವಿಯ ವಿಷಯ ಇನ್ನೂ ಕ್ರೂರ. ಬಾವಿ ತೋಡಿ ಮೆಟ್ಟಿಲು ಕಟ್ಟುವಾಗ ಕೆಳಗಿಳಿದು ದುಡಿದವರಲ್ಲಿ ಕೇರಿಯವರೂ ಇರುತ್ತಿದ್ದರು. ನೀರು ಬಂದ ದಿನದಿಂದ ಅವರೇ ಆ ಮೆಟ್ಟಿಲು ಮುಟ್ಟುವಂತಿಲ್ಲ. 1927ರಲ್ಲಿ ಮಹಾಡದ ಚವದಾರ್ ಕೆರೆಗೆ ಅಂಬೇಡ್ಕರ್ ಇಳಿದದ್ದನ್ನು ನಾವು ನೀರಿನ ಹಕ್ಕಿನ ಹೋರಾಟವೆಂದು ಸರಿಯಾಗಿಯೇ ಓದುತ್ತೇವೆ. ಅದನ್ನು ಮೆಟ್ಟಿಲಿನ ಹಕ್ಕಿನ ಹೋರಾಟವೆಂದೂ ಓದಬಹುದು.

ನಮ್ಮಜ್ಜಿ ಹೊಲಗೇರಿಯವಳು. ಒಕ್ಕಲಿಗರ ಹೊಲದಲ್ಲಿ ಕೆಲಸವಿಲ್ಲದ ತಿಂಗಳುಗಳಲ್ಲಿ ಬಂಡೆಗೆ ಹೋಗಿ ಜಲ್ಲಿ ಒಡೆಯುತ್ತಿದ್ದಳು. ಗಂಡಸರು ಮೇಲೆ ಬಂಡೆ ಸೀಳುವುದು, ಹೆಂಗಸರು ಗರಿ ಹೊದಿಸಿದ ನೆರಳಿನಲ್ಲಿ ಕೂತು ಜಲ್ಲಿ ಮಾಡುವುದು. ಕಲ್ಲು ಜಾರದಂತೆ ಸುತ್ತ ಹಳೆ ಟ್ಯೂಬಿನ ರಬ್ಬರ್ ಬಳೆ ಹಿಡಿದುಕೊಂಡು ಅದರೊಳಗೆ ಸುತ್ತಿಗೆ ಹಾಕಬೇಕು. ಮಕ್ಕಳೂ ಅಲ್ಲೇ. ಅಜ್ಜಿಯ ಎಡಗೈಯ ಎರಡು ಬೆರಳು ಕೊನೆಯವರೆಗೂ ಮಡಚುತ್ತಿರಲಿಲ್ಲ. ಒಡ್ಡರ ಹೆಂಗಸರು ತಮ್ಮತಮ್ಮಲ್ಲಿ ತೆಲುಗು ಮಾತಾಡುತ್ತಿದ್ದರಂತೆ, ಅಜ್ಜಿಗೂ ಅದು ಬಂದುಬಿಟ್ಟಿತ್ತು. “ಒಂದೇ ಕಲ್ಲಿನ ಮೇಲೆ ಕೂತ್ಕೊಂಡು ಒಡೀತಿದ್ವಿ ಕಣಪ್ಪ. ಜಲ್ಲಿ ಒಡ್ಯೋವಾಗ ಜಾತಿ ಇರ್ತಿರ್ಲಿಲ್ಲ. ನೀರು ಕುಡ್ಯೋ ಹೊತ್ತಿಗೆ ಬರ್ತಿತ್ತು. ಅವರ ಕೊಡ ಬೇರೆ, ನಮ್ಮ ಕೊಡ ಬೇರೆ” ಎನ್ನುತ್ತಿದ್ದಳು. ಧಣಿಯ ಹತ್ತಿರ ಮುಂಗಡ ಈಸಿಕೊಂಡಿದ್ದು ಮಾತ್ರ ಇಬ್ಬರೂ. ಮದುವೆಗೆ, ಬಾಣಂತನಕ್ಕೆ, ಜ್ವರಕ್ಕೆ ಈಸಿಕೊಂಡ ಮುಂಗಡ ವಾರದ ಬಟವಾಡೆಯಲ್ಲಿ ಮುರಿಯುತ್ತಾ ಹೋದರೂ ತೀರುತ್ತಿರಲಿಲ್ಲ. ಲೆಕ್ಕದ ಪುಸ್ತಕ ಓದು ಬಂದವನ ಕೈಯಲ್ಲಿತ್ತು.

ಈ ಎರಡು ಕೊಡಗಳ ಮಾತನ್ನು ನಾನು ಬೇಕೆಂದೇ ಇಲ್ಲಿ ಬರೆಯುತ್ತಿದ್ದೇನೆ. ಬಂಡೆಯನ್ನು ಶ್ರಮಿಕರ ಒಗ್ಗಟ್ಟಿನ ಚಿತ್ರವಾಗಿ ಬರೆದರೆ ಸುಲಭ. ಆದರೆ ಅದು ಅರ್ಧ ಸುಳ್ಳು.

4

ಹೆಸರಿನ ರಾಜಕೀಯ ಮುಂದಿನ ಪ್ರಶ್ನೆ. ‘ಒಡ್ಡ’ ಎಂಬ ಪದವನ್ನು ಕೆಲವರು ಓಡ್ರ ದೇಶಕ್ಕೆ, ಎಂದರೆ ಒಡಿಶಾಕ್ಕೆ ಜೋಡಿಸುತ್ತಾರೆ; ಕೆರೆಯ ಏರಿ ಎಂಬ ಅರ್ಥದ ‘ಒಡ್ಡು’ ಪದಕ್ಕೆ ಜೋಡಿಸುವವರೂ ಇದ್ದಾರೆ. ಆದರೆ ಆಡುಮಾತಿನಲ್ಲಿ ‘ಒಡ್ಡ’ ಎಂದರೆ ನಯವಿಲ್ಲದವನು, ಒರಟ. ನಾಡಿಗೆ ನಯವಾದ ಕಲ್ಲು ಕೊಟ್ಟವರ ಹೆಸರನ್ನೇ ಒರಟುತನಕ್ಕೆ ಇಟ್ಟ ಭಾಷೆ ನಮ್ಮದು. ಒಮ್ಮೆ ನಾನು ತರಗತಿಯಲ್ಲಿ ಹತ್ತನೆಯ ಶತಮಾನದ ಗದ್ಯಕೃತಿ ‘ವಡ್ಡಾರಾಧನೆ’ಯ ಹೆಸರು ಹೇಳಿದಾಗ ಹಿಂದಿನ ಬೆಂಚಿನಿಂದ ನಗು ಬಂತು. ಅದನ್ನು ‘ವೊಡ್ಡಾರಾಧನೆ’ ಎಂದು ಬರೆಯುವುದೂ ಉಂಟು. ‘ವಡ್ಡ’ ಎಂದರೆ ಇಲ್ಲಿ ವೃದ್ಧ, ಹಿರಿಯ ಎಂದು ವಿದ್ವಾಂಸರು ಬಿಡಿಸಿದ ಅರ್ಥ ಹೇಳಿದೆ. ನಗು ನಿಂತಿತು. ಭೋವಿ ಕಾಲೋನಿಯಿಂದ ಬರುವ ಹುಡುಗನೊಬ್ಬ ಮಾತ್ರ ಎದ್ದು, “ನಮ್ಮೋರ ಆರಾಧನೆ ಯಾರೂ ಬರೆದಿಲ್ಲ ಅಲ್ವಾ ಸಾರ್?” ಎಂದ. ಕನ್ನಡ ಸಾಹಿತ್ಯ ಚರಿತ್ರೆಯ ಬಗ್ಗೆ ಅದಕ್ಕಿಂತ ನೇರವಾದ ವಿಮರ್ಶೆಯನ್ನು ನಾನು ಸೆಮಿನಾರುಗಳಲ್ಲಿ ಕೇಳಿಲ್ಲ.

ವಸಾಹತುಶಾಹಿ ಈ ಜನಕ್ಕೆ ಬೇರೆ ಹೆಸರು ಕೊಟ್ಟಿತು. ಮದರಾಸಿನ ಮ್ಯೂಸಿಯಮ್ಮಿನ ಎಡ್ಗರ್ ಥರ್ಸ್ಟನ್ 1909ರಲ್ಲಿ ದಕ್ಷಿಣ ಭಾರತದ ಜಾತಿ–ಬುಡಕಟ್ಟುಗಳ ಏಳು ಸಂಪುಟ ತಂದ. ಜನರ ತಲೆ, ಮೂಗು ಅಳೆದ ವಿದ್ವಾಂಸ ಅವನು. ಅದರಲ್ಲಿ ಒಡ್ಡರು ಕಲ್ಲು ತೆಗೆಯುವ, ಬಾವಿ ತೋಡುವ, ಕೆರೆ ಏರಿ ಕಟ್ಟುವ ಜನ ಎಂಬ ವಿವರವೂ ಇದೆ, ಅವರಲ್ಲಿ ಕೆಲವರಿಗೆ ‘ಕಳ್ಳ’ ಎಂಬ ವಿಶೇಷಣವೂ ಇದೆ. 1871ರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ಮತ್ತು ಅದರ ಮುಂದಿನ ರೂಪಗಳು ಅಲೆದಾಡುವ ಸಮುದಾಯಗಳನ್ನೇ ಗುರಿ ಮಾಡಿದವು. ಊರು ನೆಲೆ ಕೊಡಲಿಲ್ಲ. ನೆಲೆ ಇಲ್ಲದ್ದನ್ನೇ ಸರ್ಕಾರ ಅಪರಾಧ ಮಾಡಿತು. ಕಾಯ್ದೆ ರದ್ದಾದದ್ದು 1952ರಲ್ಲಿ, ಸ್ವಾತಂತ್ರ್ಯ ಬಂದು ಐದು ವರ್ಷದ ಮೇಲೆ.

ಸ್ವತಂತ್ರ ಭಾರತದ ಪಟ್ಟಿಗಳನ್ನು ನೋಡಿದರೆ ಗೊಂದಲ ಇನ್ನೂ ಹೆಚ್ಚುತ್ತದೆ. ಕರ್ನಾಟಕದಲ್ಲಿ ಭೋವಿಗಳು ಪರಿಶಿಷ್ಟ ಜಾತಿ. ಗಡಿ ದಾಟಿ ಮಹಾರಾಷ್ಟ್ರಕ್ಕೆ ಹೋದರೆ ವಡಾರರು ವಿಮುಕ್ತ ಜಾತಿ. ಆಂಧ್ರ, ತೆಲಂಗಾಣದಲ್ಲಿ ವಡ್ಡೆರರು ಹಿಂದುಳಿದ ವರ್ಗ. ತಮಿಳುನಾಡಿನಲ್ಲೂ ಒಟ್ಟರ್, ಬೋಯರ್ ಹೆಸರಿನಲ್ಲಿ ಹಿಂದುಳಿದವರ ಪಟ್ಟಿಯಲ್ಲೇ ಇದ್ದಾರೆ. ಸುತ್ತಿಗೆ ಒಂದೇ, ಹಲಗೆ ನಾಲ್ಕು. ಕರ್ನಾಟಕದೊಳಗೆ ಒಳಮೀಸಲಾತಿಯ ಚರ್ಚೆ ಬಂದಾಗ ‘ಸ್ಪೃಶ್ಯ ದಲಿತರು’ ಎಂಬ ಮಾತು ಹುಟ್ಟಿತು. ಉಪವರ್ಗೀಕರಣ ಮಾಡಬಹುದೆಂದು ಸುಪ್ರೀಂ ಕೋರ್ಟ್ 2024ರ ಆಗಸ್ಟ್‌ನಲ್ಲಿ ತೀರ್ಪು ಕೊಟ್ಟ ಮೇಲೆ ಆ ಮಾತು ಮತ್ತಷ್ಟು ಕಾವೇರಿತು. ಮಾದಿಗ ಸಮುದಾಯದ ದಶಕಗಳ ಹೋರಾಟ ನ್ಯಾಯದ್ದು. ಅಜ್ಜಿಯ ಬೇರೆ ಕೊಡವನ್ನು ನಾನು ಮರೆತಿಲ್ಲ. ಅಸ್ಪೃಶ್ಯತೆಯ ಅನುಭವ ಬೇರೆಯದೇ ಎಂಬುದನ್ನು ಯಾವ ಒಗ್ಗಟ್ಟಿನ ಹೆಸರಿನಲ್ಲೂ ಅಳಿಸಬಾರದು. ಆದರೆ ಪಾಲಿನ ಲೆಕ್ಕ ಬೇರೆ, ಚರಿತ್ರೆಯ ಲೆಕ್ಕ ಬೇರೆ. ಮೀಸಲಾತಿಯ ಗುಂಪುಗಳು ಬೇರೆಯಾದವೆಂದು ಬಂಡೆಯ ಚರಿತ್ರೆಯನ್ನೂ ಹಾಗೇ ಸೀಳಿಕೊಂಡರೆ, ಲೆಕ್ಕದ ಪುಸ್ತಕ ಹಿಡಿದವನು ಅದರಿಂದ ಹೊರಗೇ ಉಳಿದುಬಿಡುತ್ತಾನೆ. ದಲಿತ ವಿಮರ್ಶೆ ಎಚ್ಚರ ವಹಿಸಬೇಕಾದ್ದು ಇಲ್ಲಿ.

5

ಹಳ್ಳಿಯ ಕಲ್ಲು ಪಟ್ಟಣದ ಕಲ್ಲಾದ ಮೇಲೆ ಏನಾಯಿತು? ವಿಧಾನಸೌಧಕ್ಕೆ 1951ರಲ್ಲಿ ಅಡಿಗಲ್ಲು ಹಾಕಿ 1956ರಲ್ಲಿ ಮುಗಿಸಿದರು. ಅದರ ಗ್ರಾನೈಟ್ ಬೆಂಗಳೂರಿನ ಸುತ್ತಮುತ್ತಲ ಹಳ್ಳಿಗಳದು. ದುಡಿದವರಲ್ಲಿ ಸೆರೆಮನೆಯ ಕೈದಿಗಳೂ ಇದ್ದರು. ‘ಸರ್ಕಾರದ ಕೆಲಸ ದೇವರ ಕೆಲಸ’ ಎಂದು ಹಣೆಯ ಮೇಲೆ ಬರೆದರು. ದೇವರ ಕೆಲಸದಲ್ಲಿ ಕಲ್ಲಿನ ಕೆಲಸಕ್ಕೆ ಎಂದೂ ಇಷ್ಟೇ ಜಾಗ.

ಜೀತ ನಿಷೇಧ ಕಾಯ್ದೆ ಬಂದದ್ದು 1976ರಲ್ಲಿ. ಬಂಧುವಾ ಮುಕ್ತಿ ಮೋರ್ಚಾ ತಂದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 1983ರ ಡಿಸೆಂಬರಿನಲ್ಲಿ ಹರಿಯಾಣದ ಫರೀದಾಬಾದಿನ ಕಲ್ಲುಗಣಿಗಳ ಬಗ್ಗೆ ತೀರ್ಪಿತ್ತಿತು. ಒತ್ತಾಯದ ದುಡಿಮೆ ಕಂಡುಬಂದರೆ ಅದರ ಹಿಂದೆ ಮುಂಗಡ ಇದೆಯೆಂದೇ ಭಾವಿಸಬೇಕು, ಇಲ್ಲವೆಂದು ತೋರಿಸುವ ಹೊಣೆ ಮಾಲೀಕನದು ಎಂದಿತು. ನಮ್ಮಜ್ಜಿಗೆ ಓದಲು ಬರುತ್ತಿದ್ದರೆ ಇದನ್ನು ಓದಿ, ಇಷ್ಟು ತಿಳಿಯಕ್ಕೆ ಕೋರ್ಟು ಬೇಕಾಯ್ತಾ ಎನ್ನುತ್ತಿದ್ದಳೇನೋ. ಇದಾಗಿ ಹದಿನೇಳು ವರ್ಷಕ್ಕೆ, 2000ದಲ್ಲಿ, ಮಂಡ್ಯ ಜಿಲ್ಲೆಯ ಹಂಗರಹಳ್ಳಿಯ ಕಲ್ಲುಗಣಿಯಲ್ಲಿ ಕಾಲಿಗೆ ಕಬ್ಬಿಣದ ಸರಪಳಿ ಹಾಕಿದ ಕಾರ್ಮಿಕರು ಸಿಕ್ಕರು. ಪುರಾತನ ಕಾಲದ ಮಾತಲ್ಲ ಇದು, ಕಂಪ್ಯೂಟರ್ ರಾಜಧಾನಿ ಎಂದು ಬೆಂಗಳೂರು ಹೆಸರಾಗುತ್ತಿದ್ದ ಹೊತ್ತಿನದು.

ಬೆಂಕಿಯ ಜಾಗಕ್ಕೆ ಸಿಡಿಮದ್ದು ಬಂತು, ಸುತ್ತಿಗೆಯ ಜಾಗಕ್ಕೆ ಕ್ರಷರ್ ಬಂತು. ಕಿವಿಯ ವಿದ್ಯೆ ಬೇಡವಾಯಿತು. ಒಡ್ಡರ ಕೈಯಲ್ಲಿದ್ದ ಕಸುಬು ಗುತ್ತಿಗೆ ಹಿಡಿಯುವ ಬಲವುಳ್ಳವರ ಉದ್ಯಮವಾಯಿತು. ಕಸುಬುದಾರ ಅಲ್ಲಿ ಕೂಲಿಯಾದ. 2021ರ ಜನವರಿಯಲ್ಲಿ ಶಿವಮೊಗ್ಗದ ಹುಣಸೋಡಿನಲ್ಲಿ, ಮುಂದಿನ ತಿಂಗಳೇ ಚಿಕ್ಕಬಳ್ಳಾಪುರದ ಹಿರೇನಾಗವಲ್ಲಿಯಲ್ಲಿ ಕಲ್ಲುಗಣಿಗೆ ಸೇರಿದ ಸ್ಫೋಟಕಗಳು ಸಿಡಿದವು. ಹಿರೇನಾಗವಲ್ಲಿಯೊಂದರಲ್ಲೇ ಆರು ಜನ ಸತ್ತರು. ಇವು ಸದ್ದು ಮಾಡಿದ ಸಾವುಗಳು. ಸದ್ದಿಲ್ಲದ ಸಾವು ಧೂಳಿನದು. ಕಲ್ಲಿನ ಸಣ್ಣ ಧೂಳು ವರ್ಷಾನುಗಟ್ಟಲೆ ಒಳಗೆ ಹೋಗಿ ಶ್ವಾಸಕೋಶವನ್ನೇ ಗಟ್ಟಿ ಮಾಡುತ್ತದೆ. ಸಿಲಿಕೋಸಿಸ್ ಎಂಬ ಈ ರೋಗಕ್ಕೆ ಗುಣವಿಲ್ಲ. ಎಷ್ಟೋ ಸಲ ಕ್ಷಯವೆಂದು ಬರೆದು ಮಾತ್ರೆ ಕೊಟ್ಟು ಕಳಿಸುತ್ತಾರೆ. ಕ್ಷಯವೆಂದಾದರೆ ಮಾಲೀಕನಿಗೆ ಹೊಣೆಯಿಲ್ಲ.

ಕೊನೆಗೆ ತೀರ ಇತ್ತೀಚಿನ ಒಂದು ಸಂಗತಿ. 2024ರ ಜನವರಿಯಲ್ಲಿ ಅಯೋಧ್ಯೆಯ ಮಂದಿರದಲ್ಲಿ ಪ್ರತಿಷ್ಠೆಯಾದ ಬಾಲರಾಮನ ವಿಗ್ರಹವನ್ನು ಕೆತ್ತಿದವರು ಮೈಸೂರಿನ ಅರುಣ್ ಯೋಗಿರಾಜ್. ಕಲ್ಲು ಮೈಸೂರು ಸೀಮೆಯ ಹಳ್ಳಿಯೊಂದರದು, ಅದು ಸಿಕ್ಕಿದ್ದು ದಲಿತ ರೈತರೊಬ್ಬರ ಜಮೀನಿನಲ್ಲಿ ಎಂದು ಪತ್ರಿಕೆಗಳು ಬರೆದವು. ಕಲ್ಲು ತೆಗೆದ ಸಣ್ಣ ಗುತ್ತಿಗೆದಾರನಿಗೆ ಅನುಮತಿ ಇಲ್ಲದ ಗಣಿಗಾರಿಕೆ ಎಂದು ಗಣಿ ಇಲಾಖೆ 80 ಸಾವಿರ ರೂಪಾಯಿ ದಂಡ ಹಾಕಿತ್ತೆಂದೂ ವರದಿಯಾಯಿತು. ಭಕ್ತಿಯ ಬಗ್ಗೆ ಇಲ್ಲಿ ನನ್ನ ತಕರಾರಿಲ್ಲ. ಹೊಯ್ಸಳರ ಕಾಲದಿಂದ ನಡೆದುಬಂದ ಲೆಕ್ಕ ಬದಲಾಗಿಲ್ಲ ಎಂಬುದನ್ನಷ್ಟೇ ಗುರುತಿಸುತ್ತಿದ್ದೇನೆ. ಕೆತ್ತಿದವನಿಗೆ ಹೆಸರು, ಪ್ರತಿಷ್ಠೆ ಮಾಡಿದವನಿಗೆ ಪುಣ್ಯ, ತೆಗೆದವನಿಗೆ ದಂಡ.

6

ಉಳಿಯ ಪೆಟ್ಟು ತಿಂದ ಕಲ್ಲೇ ವಿಗ್ರಹವಾಗುತ್ತದೆ ಎಂಬ ಮಾತನ್ನು ನಮ್ಮ ಶಾಲೆಗಳಲ್ಲಿ, ಸಭೆಗಳಲ್ಲಿ ಕೇಳದವರಿಲ್ಲ. ಪೆಟ್ಟು ತಿನ್ನುವವರಿಗೆ ಸಹನೆ ಕಲಿಸುವ ನೀತಿ ಅದು. ಪೆಟ್ಟು ಹಾಕಿದ ಕೈಗೆ ಏನಾಯಿತು ಎಂದು ಆ ನೀತಿ ಕೇಳುವುದಿಲ್ಲ. ಕಲ್ಲನ್ನು ಜಡತ್ವಕ್ಕೆ, ನಿರ್ದಯತೆಗೆ, ಇಲ್ಲವೇ ದೈವಕ್ಕೆ ರೂಪಕವಾಗಿಸಿದ ಕಾವ್ಯಪರಂಪರೆಯೂ ಕೇಳಿಲ್ಲ. ಬಂಡೆಯ ಮೇಲೆ ದುಡಿದವರಿಗೆ ಕಲ್ಲು ಜಡವಲ್ಲ. ಅದಕ್ಕೆ ಎಳೆ ಇದೆ, ಸದ್ದು ಇದೆ, ಒಡೆಯುವ ದಿಕ್ಕಿದೆ. ಅವರ ಮಾತಿನಿಂದ ಹುಟ್ಟುವ ಮೀಮಾಂಸೆ ಬೇರೆಯೇ ಆದೀತು.

ಆದ್ದರಿಂದ ಗೆಳೆಯರಲ್ಲಿ, ಮುಖ್ಯವಾಗಿ ವಿದ್ಯಾರ್ಥಿಗಳಲ್ಲಿ, ಒಂದೆರಡು ಕೆಲಸಗಳನ್ನು ಮುಂದಿಡುತ್ತೇನೆ. ಬೆಂಕಿ ಹಾಕಿ ಚಪ್ಪಡಿ ಎಬ್ಬಿಸಿದ ಕೊನೆಯ ತಲೆಮಾರು ಅಲ್ಲೊಬ್ಬರು ಇಲ್ಲೊಬ್ಬರು ಇದ್ದಾರೆ. ಅವರ ಉಪಕರಣಗಳ ಹೆಸರು, ಕಲ್ಲಿನ ಬಗೆಗಳ ಹೆಸರು, ಸದ್ದುಗಳ ಹೆಸರುಗಳನ್ನು ಅವರದೇ ತೆಲುಗು ಬೆರೆತ ಕನ್ನಡದಲ್ಲಿ ಬರೆದುಕೊಳ್ಳಬೇಕು. ಬಂಡೆಯ ಧಣಿಗಳ ಹಳೆಯ ಮುಂಗಡದ ಪುಸ್ತಕಗಳು ಎಲ್ಲಾದರೂ ಅಟ್ಟದ ಮೇಲಿದ್ದರೆ ಅವನ್ನು ಹುಡುಕಿ ಶಾಸನದಷ್ಟೇ ಶ್ರದ್ಧೆಯಿಂದ ಓದಬೇಕು. ಹೆಂಗಸರ ಕೈಗಳ ಬಗ್ಗೆ ಕೇಳಬೇಕು. ಕೇಳುವಾಗ ಕೊಡ ಎಷ್ಟಿದ್ದವು ಎಂಬುದನ್ನೂ ಬಿಡದೆ ಕೇಳಬೇಕು. ಊರಿನ ಶಾಸನಗಲ್ಲಿನ ಪಟ ತೆಗೆಯುವವರು ಅದರ ಬೆನ್ನಿನದೂ ಒಂದು ಪಟ ತೆಗೆಯಲಿ.